ಮದರ್ ಚೌರಮ್ಮನವರ ಕೈ ವಾಸನೆ

ರಾಮನಗರದ ಆ ಕಾನ್ವೆಂಟಿನ ಐವತ್ತು ವರ್ಷದ ಬಾಳಿನಲ್ಲಿ ಇಷ್ಟು ಗಹನವಾದ ಪ್ರಶ್ನೆ ಹಿಂದೆಂದೂ ಎದ್ದಿರಲಿಲ್ಲ: ಸುವರ್ಣ ಜುಬಿಲಿಯ ದಿನ ಮಕ್ಕಳ ಕೈಯನ್ನು ಗಂಧದ ಸೋಪಿನಲ್ಲಿ ತೊಳೆಸಬೇಕೋ, ಗುಲಾಬಿ ಸೋಪಿನಲ್ಲೋ?

ಪ್ರಾರ್ಥನಾಲಯದಲ್ಲಿ ಬೆಳಗಿನ ಬಲಿಪೂಜೆ ಮುಗಿದದ್ದೇ ಆಡಳಿತ ಮಂಡಳಿಯ ಸಿಸ್ಟರುಗಳು ಬಾಗಿಲು ಹಾಕಿಕೊಂಡು ಕೂತಿದ್ದರು. ಗಂಧ ನಾಡಿನ ಹೆಮ್ಮೆ ಎಂದು ಒಂದು ಪಕ್ಷ. ಗುಲಾಬಿ ಮಾತೆ ಮರಿಯಳಿಗೆ ಪ್ರಿಯವಾದದ್ದು, ಅದನ್ನು ಬಿಟ್ಟು ಗಂಧ ಹಿಡಿದರೆ ಜನ ಏನಂದುಕೊಂಡಾರು ಎಂದು ಇನ್ನೊಂದು ಪಕ್ಷ. ಬಲಗೈಗೆ ಗಂಧ, ಎಡಗೈಗೆ ಗುಲಾಬಿ ಎಂದು ಲೆಕ್ಕಪತ್ರದ ಸಿಸ್ಟರ್ ಒಂದು ನಡುದಾರಿ ತೋರಿಸಿದರು. ಯಾರೂ ನಗಲಿಲ್ಲ. ಅದನ್ನೂ ಚರ್ಚೆಗೆ ತೆಗೆದುಕೊಂಡರು.

ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದ ಮದರ್ ಚೌರಮ್ಮನವರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಈ ಕನ್ಯಾಸ್ತ್ರೀಯರ ಸಭೆಯನ್ನು ಸ್ಥಾಪಿಸಿದವರು ಅವರೇ. ಈಗ ಎಂಬತ್ತು ದಾಟಿದೆ, ಮಂಡಿ ಎರಡೂ ಹೋಗಿವೆ, ಕಿವಿ ಮಾತ್ರ ಬೇಡವೆಂದರೂ ಚುರುಕಾಗಿದೆ. ಮೂಗು ಅದಕ್ಕಿಂತ ಚುರುಕು.

"ಸೋಪು ಯಾಕೆ?" ಎಂದರು ಅವರು. "ಸೋಪು ಹಾಕಿ ತೊಳುದ್ಬುಟ್ರೆ ಆಮೇಲೆ ಮೂಸೋದೇನನ್ನ?"

ಎಲ್ಲರೂ ಪ್ರೀತಿಯಿಂದ ನಕ್ಕರು. ಮದರ್ ಏನು ಹೇಳಿದರೂ ಈಚೆಗೆ ಪ್ರೀತಿಯಿಂದ ನಗುತ್ತಾರೆ. ಅವರಿಗೆ ಇದಕ್ಕಿಂತ ಅಸಹ್ಯವಾದದ್ದು ಇನ್ನೊಂದಿಲ್ಲ.

ಮುಖ್ಯಸ್ಥೆ ಸಿಸ್ಟರ್ ಲವೀನಾ ಕರಾವಳಿಯವರು. ಅಚ್ಚುಕಟ್ಟು, ಬೆಳ್ಳಗೆ, ಇಸ್ತ್ರಿ ಮುರಿಯದವರು. "ಮದರ್, ನಿಮಗೆ ಎಂತ ಕೆಲಸವೂ ಇಲ್ಲ" ಎಂದು ಬಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು. "ಮೊದಲು ಮಕ್ಕಳ ಕೈ ಮೂಸುವ ಪರಿಮಳ ಸೇವೆ. ಆಮೇಲೆ ನಿಮ್ಮ ಹಸ್ತ ಪರಿಮಳ ದರ್ಶನ. ಬಿಷಪ್ಪರು, ಗಣ್ಯರು ಸಾಲಾಗಿ ಬರ್ತಾರೆ. ನೀವು ಕೈ ಮಾತ್ರ ಮುಂದೆ ಚಾಚಿ ಕೂತರಾಯ್ತು. ಅವರು ಬಗ್ಗಿ ಮೂಸಿ ಹೋಗ್ತಾರೆ."

"ನನ್ ಕೈನಾ?"

"ಹೌದು ಮದರ್. ಆಹ್ವಾನ ಪತ್ರಿಕೆಯಲ್ಲಿ ಪ್ರಿಂಟೂ ಆಗಿದೆ."

ಪರಿಮಳ ಸೇವೆ! ಆ ಹೆಸರು ಕೇಳಿದಾಗಲೆಲ್ಲ ಚೌರಮ್ಮನವರ ನಾಲಗೆಯ ಬುಡದಲ್ಲಿ ಹುಳಿ ಏಳುತ್ತಿತ್ತು. ಅವರು ಶುರು ಮಾಡಿದ್ದು ಸೇವೆಯೂ ಅಲ್ಲ, ಅದರಲ್ಲಿ ಪರಿಮಳವೂ ಇರಲಿಲ್ಲ.

ಸಾತನೂರಿನ ಕಡೆಯ ಒಂದು ಕಿರಿಸ್ತಾನರ ಹಳ್ಳಿಯಲ್ಲಿ, ರಾಗಿ ಬೆಳೆದು ಎಮ್ಮೆ ಕಟ್ಟಿದ್ದ ಇನ್ನಾಸಪ್ಪನ ಮಗಳಾಗಿ ಹುಟ್ಟಿದವರು ಅವರು. ಬೇರೊಂದು ಮಠದಲ್ಲಿ ಕನ್ಯಾಸ್ತ್ರೀಯಾಗಿ, ಅಧಿಕಾರಿಗಳ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿಸುತ್ತ ಇದ್ದರು. ಒಂದು ಬೆಳಗ್ಗೆ ರಾಮನಗರದಲ್ಲಿ ಗೂಡಿನಿಂದ ನೂಲು ಬಿಚ್ಚುವ ರೇಷ್ಮೆ ರೀಲರುಗಳ ಬೀದಿಯಲ್ಲಿ ನಡೆದು ಹೋಗುವಾಗ ಎಂಟೊಂಬತ್ತರ ಹುಡುಗಿಯೊಂದು ಶೆಡ್ಡಿನಿಂದ ಓಡಿಬಂದು, ಬಿಳಿ ಬಟ್ಟೆ ಕಂಡ ಬೆರಗಿಗೆ, ಅವರ ಕೈ ಹಿಡಿದುಕೊಂಡಿತು. ಆ ಕೈ ಬಿಸಿನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿತ್ತು. ಬೇಯಿಸಿದ ಗೂಡಿನೊಳಗಿನ ಸತ್ತ ಹುಳದ ವಾಸನೆ ಹೊಡೆಯುತ್ತಿತ್ತು. ಚೌರಮ್ಮ ಚರಂಡಿಯ ಅಂಚಿಗೆ ಕೂತು, ಕುಡಿದ ಕಾಫಿಯನ್ನೆಲ್ಲ ಕಾರಿಕೊಂಡರು. ಹುಡುಗಿ ಪಕ್ಕದಲ್ಲೇ ನಿಂತು ನೋಡಿ, "ಪಾನಿ ಲಾವೂಂ ಕ್ಯಾ? ನೀರು?" ಎಂದು ಕೇಳಿತು. ಅವಳ ಹೆಸರು ರೋಶನ್ ಬೀ.

ಜುಬಿಲಿಗೆಂದು ಅಚ್ಚಾದ ಜೀವನ ಚರಿತ್ರೆಯಲ್ಲಿ ಈ ಪ್ರಸಂಗಕ್ಕೆ 'ಕರುಣೆಯ ಬುಗ್ಗೆ ಚಿಮ್ಮಿದ ಕ್ಷಣ' ಎಂದು ತಲೆಬರಹ. ಚಿಮ್ಮಿದ್ದು ಕಾಫಿ. ಕರುಣೆ ಎನ್ನುವುದು ಅವರಿಗೆ ಆಗಲೂ ಅಷ್ಟಾಗಿ ಇರಲಿಲ್ಲ, ಈಗಲೂ ಇಲ್ಲ. ಮಕ್ಕಳೆಂದರೆ ಸುರಿಯುವ ಮೂಗು ಮತ್ತು ಕಿರುಚಾಟ. ಅವರಿಗಿದ್ದದ್ದು ವಾಕರಿಕೆ. ಒಂದು ಮಗುವಿನ ಕೈ ಹಾಗೆ ನಾರುವುದನ್ನು ತಡೆದುಕೊಳ್ಳಲಾರದೆ ಮಠ ಬಿಟ್ಟರು. ಆಗಿನ ಬಿಷಪ್ಪರ ಹತ್ತಿರ ಜಗಳವಾಡಿ ಅನುಮತಿ ತಂದರು. ಗೂಡಿನ ಗೋದಾಮೊಂದನ್ನು ಬಾಡಿಗೆ ಹಿಡಿದು ಶಾಲೆ ತೆರೆದರು.

ಶಾಲೆಯ ಬಾಗಿಲಲ್ಲಿ ಬೆಳಗ್ಗೆ ಒಂದೊಂದು ಮಗುವಿನ ಕೈ ಮೂಸುತ್ತಿದ್ದರು. ಹುಳದ ವಾಸನೆ ಬಂತೋ, ಆ ಮಗು ಬೆಳಗಿನ ಜಾವದಿಂದ ಗೂಡು ಬೇಯುವ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತು ಬಂದಿದೆ ಎಂದು ಅರ್ಥ. ಮಗುವನ್ನು ಒಳಗೆ ಕೂರಿಸಿ, ತಾವು ಸೆರಗು ಬಿಗಿದು ರೀಲರನ ಮನೆಗೆ ಹೋಗುತ್ತಿದ್ದರು. ಅಲ್ಲಿ ಏಳುತ್ತಿದ್ದ ಗಲಾಟೆಗೆ ಬೀದಿಯ ಕೋಳಿಗಳು ಮಾಡು ಹತ್ತುತ್ತಿದ್ದವು. ಮಗುವನ್ನು ಇನ್ನು ಬೇಸಿನ್ನಿಗೆ ಕೂರಿಸುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ತನಕ ಅವರು ಹೊಸ್ತಿಲು ಬಿಟ್ಟು ಕದಲುತ್ತಿರಲಿಲ್ಲ. 'ನಾಕ್‌ವಾಲಿ ಬಂದಳು', ಮೂಗಿನವಳು ಬಂದಳು, ಎಂದರೆ ಸಾಕು, ರೀಲರುಗಳು ಹಿತ್ತಿಲ ಬಾಗಿಲು ಹುಡುಕುತ್ತಿದ್ದರು.

ಜೊತೆಗೆ ನಾಲ್ಕಾರು ಹುಡುಗಿಯರು ಸೇರಿದರು, ಅದೇ ಒಂದು ಸಭೆಯಾಯಿತು. ಸಭೆಗೆ ನಿಯಮ ಬೇಕಲ್ಲ? 'ಮಗುವಿನ ಕೈ ಮೂಸದೆ ಪಾಠ ಶುರು ಮಾಡತಕ್ಕದ್ದಲ್ಲ' ಎಂದು ಚೌರಮ್ಮನವರು ಮೊದಲನೆಯ ನಿಯಮ ಹೇಳಿದರು. ಮೂಸಿದ ಮೇಲೆ ಏನು ಮಾಡಬೇಕೆಂದು ಹೇಳಲಿಲ್ಲ. ಅದು ಆಗ ಕಾನ್ವೆಂಟಿನ ಬೆಕ್ಕಿಗೂ ಗೊತ್ತಿತ್ತು.

ಆಮೇಲೆ ಬೆಕ್ಕು ಸತ್ತಿತು. ಶಾಲೆಗೆ ಮೂರು ಅಂತಸ್ತಾಯಿತು, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಶಾಖೆಗಳಾದವು, ಮಕ್ಕಳು ವ್ಯಾನಿನಲ್ಲಿ ಬರತೊಡಗಿದರು. ನಿಯಮ ಮಾತ್ರ ಉಳಿಯಿತು. ಸೆಮಿನರಿಯ ಪಾದ್ರಿಯೊಬ್ಬರು ಬಂದು 'ಆಘ್ರಾಣದ ಅಧ್ಯಾತ್ಮ' ಎಂದು ಉಪನ್ಯಾಸಮಾಲೆ ಕೊಟ್ಟರು. ಮಗುವಿನ ಕೈಯಲ್ಲಿ ಸ್ವರ್ಗದ ಪರಿಮಳವನ್ನು ಹುಡುಕುವುದೇ ಸಂಸ್ಥಾಪಕಿಯ ದರ್ಶನವಂತೆ. ಚೌರಮ್ಮನವರು ಮುಂದಿನ ಸಾಲಿನಲ್ಲೇ ಕೂತು ಕೇಳಿ, ರಾತ್ರಿ ಊಟ ಬೇಡವೆಂದಿದ್ದರು.

ಸೋಪಿನ ಚರ್ಚೆ ಮುಗಿಯುವ ಹೊತ್ತಿಗೆ ಅವರಿಗೆ ಒಂದು ಅನುಮಾನ ಹುಟ್ಟಿತು. ಈಗ ಗೇಟಿನಲ್ಲಿ ನಿಜವಾಗಿ ಏನು ನಡೆಯುತ್ತಿದೆ?

ಮಾರನೆಯ ಬೆಳಗ್ಗೆ ಅವರನ್ನು ನೋಡಿಕೊಳ್ಳುವ ಚಿಕ್ಕಲಕ್ಷ್ಮಮ್ಮನಿಗೆ, "ಗೇಟಿನ ತಾವ್ಕೆ ತಳ್ಳವ್ವ" ಎಂದರು. ಚಿಕ್ಕಲಕ್ಷ್ಮಮ್ಮ ಕೂಟಗಲ್‌ನವಳು. ದೇವರು ದಿಂಡರ ವಿಷಯದಲ್ಲಿ ತನಗೂ ಕಬ್ಬಾಳಮ್ಮನಿಗೂ ಆಗಿರುವ ಒಪ್ಪಂದವೇ ಸಾಕು ಎಂದುಕೊಂಡವಳು.

"ನೋಡಿ ಬನ್ನಿ ಚೆಂದವ" ಎಂದಳು ತಳ್ಳುತ್ತ. "ಹಸ ಕರಾ ಮೂಸ್ದಂಗೆ ಮೂಸ್ತವ್ರೆ. ಹಸನಾದ್ರೂ ಮೂಸ್ಬುಟ್ಟು ಹಾಲ್ ಕೊಡ್ತದೆ."

ಗೇಟಿನಲ್ಲಿ ಸಿಸ್ಟರುಗಳು ಯಾರೂ ಇರಲಿಲ್ಲ. ಅವರಿಗೆಲ್ಲ ಧೂಳಿನ ಅಲರ್ಜಿಯಂತೆ, ಮೂಸುವ ಕೆಲಸವನ್ನು ನವ್ಯಶ್ರೀ ಮಿಸ್‌ಗೆ ವಹಿಸಿದ್ದರು. ಅವಳು ಸಾಲಾಗಿ ಬಂದ ಮಕ್ಕಳ ಕೈ ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ತೆಗೆದು, ಒಳಗೆ ಬಿಡುತ್ತಿದ್ದಳು. ಸ್ಟ್ರಾಬೆರಿ, ನಿಂಬೆ, ಬೇವು. ಸೂಪರ್ ಮಾರ್ಕೆಟ್ಟಿನ ಸಾಲೊಂದು ನಡೆದು ಹೋದಂತಿತ್ತು.

ಗೇಟಿನ ಆಚೆ ಬುರ್ಖಾದ ಮುದುಕಿಯೊಬ್ಬಳು ಹುಡುಗಿಯ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. ಹುಡುಗಿ ಸಮವಸ್ತ್ರದಲ್ಲಿತ್ತು, ಚೀಲವೂ ಇತ್ತು. ನವ್ಯಶ್ರೀ ಮಿಸ್ ದೂರದಿಂದಲೇ ಕೈಯಾಡಿಸಿದಳು. "ಅಜ್ಜಿ, ಹೋದ ತಿಂಗ್ಳೇ ಹೇಳಿದೀನಲ್ಲ? ಕೈ ವಾಸನೆ ಹೋಗೋವರ್ಗೂ ಕಳಿಸ್ಬೇಡಿ. ರೂಲ್ಸು ಅದು."

"ಯಾರದು?" ಎಂದರು ಚೌರಮ್ಮ.

ಮುದುಕಿ ಕಂಬಿಯ ನಡುವೆ ಇಣುಕಿದಳು. "ನಾನು ಮದರಮ್ಮ. ರೋಶನ್ ಬೀ. ನೀವು ವಾಂತಿ ಮಾಡಿದ್ದು ನನ್ ಕೈ ವಾಸನೆಗೇ ಅಲ್ವಾ?"

"ಇವ್ಳು?"

"ನಮ್ ಶರೀಫನ ಮಗಳು. ಮಹ್ವಿಶ್. ಐದನೇ ಕ್ಲಾಸು."

ಚೌರಮ್ಮನವರು ಕಂಬಿಯೊಳಗಿಂದ ಕೈ ಚಾಚಿದರು. ಹುಡುಗಿ ಹಿಂಜರಿದು, ಬೆನ್ನ ಹಿಂದೆ ಕೈ ಕಟ್ಟಿಕೊಂಡಿತು. ಅಜ್ಜಿ ಗದರಿದ ಮೇಲೆ ಕೊಟ್ಟಿತು. ಬೆಳ್ಳಗೆ ಸುಕ್ಕಾದ ಬೆರಳು. ಮೂಗಿಗೆ ತಂದದ್ದೇ ತಡ, ಐವತ್ತು ವರ್ಷದ ಹಿಂದಿನ ಆ ಬೆಳಗು ಗಂಟಲಿಗೆ ಬಂತು. ಈ ಸಲ ಕಾರಿಕೊಳ್ಳಲಿಲ್ಲ. ಬೆಳಗ್ಗೆ ಗಂಜಿ ಮಾತ್ರ ಕುಡಿದಿದ್ದರು.

"ಮೂಸಿದ್ಯಲ್ಲವ್ವ" ಎಂದರು ನವ್ಯಶ್ರೀ ಮಿಸ್‌ಗೆ, "ಮೂಸ್ಬುಟ್ಟು ಏನ್ ಮಾಡ್ದೆ?"

"ಮನೆಗೆ ಕಳಿಸ್ದೆ ಮದರ್. ಸರ್ಕ್ಯುಲರ್ ಇದೆ. ಪರಿಮಳ ಇಲ್ಲದ ಕೈ ಒಳಗೆ ಬಿಡೋ ಹಾಗಿಲ್ಲ."

ಚೌರಮ್ಮನವರು ಅವಳನ್ನು ಬಯ್ಯಲಿಲ್ಲ. ಹೇಳಿದ್ದನ್ನು ಮಾಡುವ ಹುಡುಗಿ. ಕುರ್ಚಿಯನ್ನು ನೇರ ಸಿಸ್ಟರ್ ಲವೀನಾರ ಕೋಣೆಗೆ ತಳ್ಳಿಸಿದರು.

ಲವೀನಾ ಎಲ್ಲವನ್ನೂ ಕೇಳಿ ನಿಟ್ಟುಸಿರುಬಿಟ್ಟರು. "ಪಾಲಕರ ಕಂಪ್ಲೇಂಟ್ ಉಂಟು ಮದರ್. ಪಕ್ಕ ಕೂತ ಮಗು ವಾಂತಿ ಮಾಡಿತು."

"ನಾನೂ ಮಾಡಿದ್ದೆ. ಅದುಕ್ಕೇ ಈ ಕಾನ್ವೆಂಟು ಹುಟ್ಟಿದ್ದು."

"ಆ ಕಾಲ ಬೇರೆ. ಈಗ ರೀಲಿಂಗಿನ ಮಕ್ಕಳೇ ನಮ್ಮಲ್ಲಿ ಇಲ್ಲ, ಇವಳೊಬ್ಬಳನ್ನು ಬಿಟ್ಟರೆ. ಜುಬಿಲಿ ಆದ ಸೋಮವಾರ ಹೊಸ ಅಡ್ಮಿಶನ್‌ನ ಮಗುವಿಗೆ ಆ ಜಾಗ ಕೊಡುವುದು ಅಂತ ಆಗಿದೆ. ಅವಳು ಸರ್ಕಾರಿ ಶಾಲೆಗೆ ಹೋಗಬಹುದಲ್ಲ?"

"ಹೋಗಕಿಲ್ಲ. ಬೇಸಿನ್ನಿಗೋಯ್ತಾಳೆ."

"ನಾವು ಪ್ರಾರ್ಥನೆ ಮಾಡುವ, ಮದರ್" ಎಂದರು ಲವೀನಾ, ಕೈಯನ್ನು ಮೃದುವಾಗಿ ಅದುಮಿ. ಚೌರಮ್ಮನವರು ಕೈಯನ್ನು ಹಿಂದಕ್ಕೆಳೆದುಕೊಂಡು ಸೀರೆಗೆ ಒರೆಸಿಕೊಂಡರು. ಲೋಷನ್ ಅಂಟಿತ್ತು.

ಆ ಮಧ್ಯಾಹ್ನ, ಬಿಸಿಲಿಗೆ ಎಲ್ಲ ಮಲಗಿದ್ದಾಗ, ಚಿಕ್ಕಲಕ್ಷ್ಮಮ್ಮ ಆಟೋ ಕರೆಸಿದಳು. ಮದರನ್ನು ಎತ್ತಿ ಕೂರಿಸುವಾಗ, "ನಂಗೇನಾರ ಕೆಲ್ಸ ಹೋದ್ರೆ ನೀವೇ ಅನ್ನ ಹಾಕ್ಬೇಕು, ಹೇಳಿವ್ನಿ" ಎಂದಳು.

ಶರೀಫನ ಶೆಡ್ಡು ಹಳೆಯ ಬೀದಿಯಲ್ಲೇ ಇತ್ತು. ಹಬೆ, ಸೌದೆಯ ಹೊಗೆ, ಬೆಂದ ಗೂಡು. ಮೂಲೆಯಲ್ಲಿ ಮಹ್ವಿಶ್ ಸಮವಸ್ತ್ರ ಬಿಚ್ಚಿಟ್ಟು, ಹಳೆಯ ನೈಟಿ ಹಾಕಿಕೊಂಡು, ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳಗಳನ್ನು ಬೇಸಿನ್ನಿನಿಂದ ಗೋರಿ ಬುಟ್ಟಿಗೆ ಹಾಕುತ್ತಿತ್ತು. ಅಜ್ಜಿ ದಿನಾ ಬೆಳಗ್ಗೆ ಅವಳ ಕೈ ತೊಳೆಸಿ ಗೇಟಿಗೆ ಕರೆದೊಯ್ಯುತ್ತಿದ್ದಳು. ಅಲ್ಲಿಂದ ವಾಪಸ್ಸು, ನೈಟಿ, ಬೇಸಿನ್ನು.

ಚೌರಮ್ಮನವರು ಆಟೋದಲ್ಲಿ ಕೂತೇ ಶುರು ಮಾಡಿದರು. "ಏನ್ಲಾ ಶರೀಫ! ನಿಮ್ಮಮ್ಮನ್ನ ಬೇಸಿನ್ನಿಂದ ಎಬ್ಬಿಸಕ್ಕೆ ನಿಮ್ಮ ತಾತನ್ ಜೊತೆ ಬೀದೀಲಿ ನಿಂತ್ಕೊಂಡು ಬಡಿದಾಡಿವ್ನಿ ಕಣ್ಲಾ. ಈಗ ಮಗಳ್ನ ತಂದು ಕೂರಿಸಿದ್ದೀಯ?"

ಶರೀಫ ಕೈ ಒರೆಸಿಕೊಂಡು ಹೊರಗೆ ಬಂದ. ನಲವತ್ತರ ಸಣಕಲು ಮನುಷ್ಯ. ಅವನ ಮುಖದಲ್ಲಿ ಭಯ ಕಾಣಲಿಲ್ಲ, ಬೇಸರ ಕಂಡಿತು.

"ಬೈರಿ ಮದರಮ್ಮ, ಬೈಸ್ಕೊತೀನಿ. ಮೊದ್ಲು ಬೆಳಗ್ಗೆ ಒಸಿ ಹೊತ್ತು ಕೂತ್ಕಂತಿದ್ಲು, ಅದು ನನ್ ತಪ್ಪೇ. ನಮ್ ಹೆಣ್ಣಾಳು ಬಿಟ್ಟೋಗಿದ್ಲು. ಆಮೇಲೆ ನಿಮ್ ಸ್ಕೂಲೋರೇ ಕೈ ನಾರ್ತದೆ ಅಂತ ಆಚೆಗೆ ಹಾಕುದ್ರು. ಇಡೀ ದಿನ ಮನೇಲಿ ಕೂತು ಏನ್ ಮಾಡ್ತಾಳೆ? ಇಡೀ ದಿನ ಕೂತ್ಕಂಡ್ಲು. ಈಗ ಕೈ ಇನ್ನೂ ನಾರ್ತದೆ. ಹೆಂಗೆ ಮದರಮ್ಮ ಇದು? ನಾರೋ ಕೈ ಸ್ಕೂಲಿಗೆ ಬರಂಗಿಲ್ಲ, ಸ್ಕೂಲಿಗೆ ಬರ್ದಿದ್ರೆ ಕೈ ನಾರೋದು ನಿಲ್ಲಕಿಲ್ಲ."

ಚೌರಮ್ಮನವರ ಬಾಯಿಗೆ ಬಂದ ಬೈಗುಳವೆಲ್ಲ ಸರಿಯಾಗಿಯೇ ಇತ್ತು, ಅದನ್ನು ಕೊಡಬೇಕಾದ ವಿಳಾಸ ಮಾತ್ರ ತಮ್ಮದೇ ಕಾನ್ವೆಂಟಿನದಾಗಿತ್ತು.

"ಸೇರಿಸ್ಕೊಂಡ್ರೆ ಬೇಸಿನ್ ಮುಟ್ಸಕಿಲ್ವ?" ಎಂದರು ಕೊನೆಗೆ.

"ಅಮ್ಮನ ಮೇಲಾಣೆ. ಸೇರಿಸ್ಕೊಂಡಿದ್ ದಿನದಿಂದ ಮುಟ್ಸಲ್ಲ."

ಆಟೋ ತಿರುಗುವ ಮುಂಚೆ ರೋಶನ್ ಬೀಯನ್ನು ಹತ್ತಿರ ಕರೆದು, ಜುಬಿಲಿಯ ದಿನ ಬೆಳಗ್ಗೆ ಏನು ತರಬೇಕೆಂದು ಕಿವಿಯಲ್ಲಿ ಹೇಳಿದರು. ರೋಶನ್ ಬೀ, "ಛೀ!" ಎಂದಳು. ಆಮೇಲೆ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು.

ಜುಬಿಲಿಯ ದಿನ ಕಾನ್ವೆಂಟಿನ ಮುಂದೆ ಚೌರಮ್ಮನವರ ಫ್ಲೆಕ್ಸು ನಿಂತಿತ್ತು. ಅದರಲ್ಲಿ ಅವರ ಮುಖದ ಸುಕ್ಕನ್ನೆಲ್ಲ ಅಳಿಸಿ ಕೆನ್ನೆಗೆ ಬಣ್ಣ ಹಾಕಿದ್ದರು. ಕೊನೆಗೆ ಗುಲಾಬಿಯೇ ಗೆದ್ದಿತ್ತು. ಶಾಮಿಯಾನಾದ ತುಂಬ ಅದೇ ವಾಸನೆ, ಮದುವೆಮನೆಯ ಕೈತೊಳೆಯುವ ಜಾಗದಂತೆ. ರೋಶನ್ ಬೀ ಸ್ಟೀಲ್ ಟಿಫನ್ ಕ್ಯಾರಿಯರ್ ಹಿಡಿದು ಬಂದಾಗ, "ಬಿರಿಯಾನಿಯಾ ಅಜ್ಜಿ?" ಎಂದು ಲೆಕ್ಕಪತ್ರದ ಸಿಸ್ಟರ್ ಕೇಳಿ, ತಾವೇ ಪ್ರೀತಿಯಿಂದ ಮದರ್ ಕೋಣೆಗೆ ಕಳಿಸಿಕೊಟ್ಟರು.

ಚೌರಮ್ಮನವರು ಡಬ್ಬಿಯೊಳಗೆ ಎರಡು ಕೈಯನ್ನೂ ಮಣಿಕಟ್ಟಿನವರೆಗೆ ಅದ್ದಿದರು. ಮೆತ್ತನೆಯ, ಕಂದು ಬಣ್ಣದ, ಬೆಂದ ಹುಳ. ಬೆರಳ ಸಂದಿಗೆ ನುಗ್ಗಿತು. ಚಿಕ್ಕಲಕ್ಷ್ಮಮ್ಮ ಗೋಡೆ ಕಡೆ ತಿರುಗಿ ನಿಂತಳು.

"ಅಯ್ಯೋ ನನ್ ಶಿವನೇ, ಸಾಕು ತೆಗೀರಿ. ಸತ್ತೋಗ್ತೀನಿ."

"ಇನ್ನೊಸಿ ಇರ್ಲಿ" ಎಂದರು ಮದರ್, ಮೂಗು ಹಿಂಡಿಕೊಳ್ಳಲು ಕೈ ಖಾಲಿಯಿಲ್ಲದೆ. ಆಮೇಲೆ ಕೈ ಒರೆಸಿಕೊಂಡು ಶಾಲಿನೊಳಗೆ ಮುಚ್ಚಿಕೊಂಡರು.

ಅವರ ಲೆಕ್ಕ ಸರಳವಾಗಿತ್ತು. ಬಿಷಪ್ಪರು ಬಗ್ಗಿ ಮೂಸುತ್ತಾರೆ, ಮುಖ ಹಿಂಡುತ್ತಾರೆ, ಏನಿದು ಎನ್ನುತ್ತಾರೆ. ಆಗ ಮೈಕಿನಲ್ಲಿ, ನಿಮ್ಮ ನಿಯಮದ ಪ್ರಕಾರ ನನ್ನನ್ನೂ ಆಚೆ ಹಾಕಿ, ಇಲ್ಲವೇ ಆ ಮಗುವನ್ನು ಒಳಗೆ ಬಿಡಿ ಎನ್ನುವುದು. ರೋಶನ್ ಬೀ ಮೊಮ್ಮಗಳನ್ನು ಕರೆದುಕೊಂಡು ಮುಂದಿನ ಸಾಲಿನ ತುದಿಯಲ್ಲಿ ಕೂತಿದ್ದಳು.

ಮಕ್ಕಳ ಸೇವೆ ಮುಗಿಯಿತು. ಬಾಜಾಬಜಂತ್ರಿಯ ನಡುವೆ ಸಂಸ್ಥಾಪಕಿಯನ್ನು ವೇದಿಕೆಗೆ ತಂದರು. ಶಾಲು ಸರಿಸಿ, ಎರಡು ಕೈಯನ್ನೂ ಕೆಂಪು ಮಖಮಲ್ಲಿನ ದಿಂಬಿನ ಮೇಲೆ ಇಟ್ಟರು. ಬಿಷಪ್ಪರು ಕಣ್ಣು ಮುಚ್ಚಿ ಬಗ್ಗಿದರು. ಅವರ ಬೆನ್ನು ಒಮ್ಮೆ ಸೆಟೆಯಿತು. ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು. ಚೌರಮ್ಮನವರು ಮೈಕಿನ ಕಡೆ ಬಾಗಿದರು.

ಬಿಷಪ್ಪರು ತಲೆಯೆತ್ತಿ, ನೀರಾಡುವ ಕಣ್ಣಿನಿಂದ ಜನರನ್ನು ನೋಡಿ, "ಎಂಥ ಪರಿಮಳ!" ಎಂದರು.

ಜನ ಚಪ್ಪಾಳೆ ತಟ್ಟಿದರು. ಚೌರಮ್ಮನವರ ಬಾಯಿ ತೆರೆದಂತೆಯೇ ಉಳಿಯಿತು.

ಬಿಷಪ್ಪರೇ ಪರಿಮಳ ಎಂದ ಮೇಲೆ ಮಿಕ್ಕವರದ್ದೇನು? ಬಿಷಪ್ಪರ ಕೈಕೆಳಗಿನ ವಿಕಾರ್ ಜನರಲ್ ಬಗ್ಗಿ, ಕೆಮ್ಮಿ, ಪರಿಮಳ ಎಂದರು. ಅಧ್ಯಾತ್ಮದ ಪಾದ್ರಿ ಎರಡು ಸಲ ಮೂಸಿ, ಇದು ಲೋಕದ ಪರಿಮಳವಲ್ಲ ಎಂದು ವ್ಯಾಖ್ಯಾನವನ್ನೂ ಕೊಟ್ಟರು. ಊರಿನ ಮುಖಂಡ ಕೆಂಪರಾಜು ಹಿಪ್ಪುನೇರಳೆ ತೋಟದವನು, ಅಪ್ಪನ ಕಾಲದಿಂದ ಗೂಡು ಮಾರಿದವನು. ಅವನಿಗಾದರೂ ಗೊತ್ತಾಗುತ್ತದೆ ಎಂದು ಚೌರಮ್ಮನವರು ಆಸೆಯಿಂದ ನೋಡಿದರು. ಅವನು ಮೂಸಿದ. ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಮೂಸಿದ. "ಇದು ಗೂಡಿನ..." ಎಂದು ಶುರು ಮಾಡಿ, ಬಿಷಪ್ಪರ ಮುಖ ನೋಡಿ, ಕ್ಯಾಮೆರಾ ನೋಡಿ, "ಗುಡಿಯೊಳಗಿನ ಪರಿಮಳ ಇದ್ದಂಗೈತೆ ತಾಯಿ" ಎಂದು ಮುಗಿಸಿ, ಕೆಳಗಿಳಿದು ಕರವಸ್ತ್ರ ಹುಡುಕಿದ.

ಸಾಲು ಸಾಗುತ್ತಲೇ ಇತ್ತು. ಒಬ್ಬೊಬ್ಬರೂ ಬಗ್ಗಿ, ಸುಳ್ಳು ಹೇಳಿ, ಹೋದರು. ತಮ್ಮ ಕೈಯ ವಾಸನೆ ಚೌರಮ್ಮನವರಿಗೆ ಈಗ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಆ ಬಾಯಿಗಳೇ ಹೆಚ್ಚು ನಾರುತ್ತಿದ್ದವು. ಐವತ್ತು ವರ್ಷ ಕಟ್ಟಿದ್ದು ಇದಕ್ಕೇ ಎಂದು ನೆನೆದು, ಸಾಲಿನಲ್ಲಿ ಇನ್ನು ಯಾರು ಉಳಿದಿದ್ದಾರೆಂದು ನೋಡಿದರು.

ಕೊನೆಯವರು ಸಿಸ್ಟರ್ ಲವೀನಾ. ಬಗ್ಗಿದರು. ಬಗ್ಗಿದವರು ಒಂದು ಕ್ಷಣ ಹಾಗೇ ನಿಂತರು. ಇದು ಏನು, ಎಲ್ಲಿಂದ, ಯಾಕೆ ಎಂಬುದೆಲ್ಲ ಅವರಿಗೆ ಅಲ್ಲೇ ಹೊಳೆಯಿತು. ತಲೆಯೆತ್ತಿ ಮದರ್ ಕಣ್ಣನ್ನು ನೋಡದೆ, ಮೈಕಿಗೆ ಮುಖ ಮಾಡಿ, "ಪರಿಮಳ" ಎಂದರು.

"ನಿಂತ್ಕೊ ಲವೀನಾ" ಎಂದರು ಚೌರಮ್ಮ. ಮೈಕಿನಲ್ಲಿ ಅದು ಶಾಮಿಯಾನಾದ ಕೊನೆಯವರೆಗೂ ಕೇಳಿತು. "ಮಹ್ವಿಶ್, ಬಾ ಇಲ್ಲಿ."

ಹುಡುಗಿ ಅಜ್ಜಿಯ ಕಡೆ ನೋಡಿತು. ಅಜ್ಜಿ ಬೆನ್ನಿಗೆ ಕೈಕೊಟ್ಟು ದೂಡಿದಳು. ಮೆಟ್ಟಿಲು ಹತ್ತಿ ಬಂದ ಮಹ್ವಿಶ್‌ಳ ಕೈಯನ್ನು ಚೌರಮ್ಮನವರು ಹಿಡಿದು, ದಿಂಬಿನ ಮೇಲೆ ತಮ್ಮ ಕೈಯ ಪಕ್ಕ ಇಟ್ಟರು.

"ಇದನ್ನೂ ಮೂಸವ್ವ."

"ಮದರ್, ಕಾರ್ಯಕ್ರಮ ಮುಂದೆ..."

"ಇದೇ ಕಾರ್ಯಕ್ರಮ. ಮೂಸು."

ಬಿಷಪ್ಪರು ಕುತೂಹಲದಿಂದ ಮುಂದೆ ಬಾಗಿದರು. ವಿಡಿಯೋದವನು ಹತ್ತಿರ ಬಂದ. ಸಿಸ್ಟರ್ ಲವೀನಾ ಬಗ್ಗಿ ಹುಡುಗಿಯ ಕೈ ಮೂಸಿದರು. ಒಂದೇ ಹುಳ, ಒಂದೇ ಬೇಸಿನ್ನು, ಒಂದೇ ವಾಸನೆ. ನಾರುತ್ತದೆ ಎಂದರೆ ಈಗಷ್ಟೇ ಬಿಷಪ್ಪರಿಂದ ಹಿಡಿದು ಎಲ್ಲರೂ ಮೂಸಿ ಹೊಗಳಿದ ಕೈಯೂ ನಾರುತ್ತದೆ ಎನ್ನಬೇಕು.

"ಹೇಳು. ನನ್ ಕೈಗೂ ಇವ್ಳ ಕೈಗೂ ಏನಾರ ವ್ಯತ್ಯಾಸ ಐತಾ?"

"ಇಲ್ಲ ಮದರ್."

"ಏನಿದು?"

ಲವೀನಾರ ಇಸ್ತ್ರಿ ಮಾಡಿದ ಕೊರಳಪಟ್ಟಿಯ ಮೇಲೆ ಬೆವರಿಳಿಯಿತು. "ಪರಿಮಳ" ಎಂದರು.

"ಪರಿಮಳ ಇರೋ ಕೈ ಗೇಟಿನ ಆಚೆ ನಿಲ್ಲಂಗಿಲ್ಲ ಅಲ್ವಾ? ನಿನ್ನದೇ ಸರ್ಕ್ಯುಲರು."

"ಇಲ್ಲ ಮದರ್. ಸೋಮವಾರದಿಂದ ಬರಲಿ."

ಬಿಷಪ್ಪರು ಮೊದಲು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ರೋಶನ್ ಬೀ ಮಾತ್ರ ತಟ್ಟಲಿಲ್ಲ, ಖಾಲಿ ಟಿಫನ್ ಕ್ಯಾರಿಯರನ್ನು ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದಳು. ಚೌರಮ್ಮನವರು ಕೈ ತೊಳೆಯಲು ನೀರು ಕೇಳಿದರು. ಗುಲಾಬಿ ಸೋಪು ತಂದುಕೊಟ್ಟಾಗ, ಬರೀ ನೀರು ಸಾಕು ಎಂದರು.

ಸೋಮವಾರ ಮಹ್ವಿಶ್ ಐದನೇ ಕ್ಲಾಸಿಗೆ ಬಂದು ಕೂತಳು, ಶರೀಫ ಕೆಲಸಕ್ಕೆ ಬೇರೆ ಹೆಣ್ಣಾಳನ್ನು ಇಟ್ಟುಕೊಂಡ. ಅದೇ ವಾರ ಮದರ್ ಚೌರಮ್ಮನವರನ್ನು, ಅವರ ಆರೋಗ್ಯದ ದೃಷ್ಟಿಯಿಂದ, ಸಾತನೂರಿನ ಹತ್ತಿರದ ವಿಶ್ರಾಂತಿ ಮನೆಗೆ ಸಾಗಿಸಲಾಯಿತು.